ಗಂಗೀಬಾಯಿಯ ಹಿಮ್ಮಡಿ ಕಲ್ಲು

ಕನ್ನಡ ಸಂಘದವರು ಮನೆಗೆ ಬಂದು, ಈ ಸಲದ ಸಂಚಿಕೆಗೆ ಸಡಾದ ಯಾರಾದರೊಬ್ಬರ ಬಗ್ಗೆ ಹೇಳಿ ಅಜ್ಜಿ, ನೀವು ಹಳಬರು ಅಂದರು. ಹೋದ ವರ್ಷ ಅವರು ಒಬ್ಬ ಕಂತ್ರಾಟದಾರನ ಬಗ್ಗೆ ನಾಲ್ಕು ಪುಟ ಹಾಕಿದ್ದರು. ಶಾಲು, ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಆ ಪುಣ್ಯಾತ್ಮನ ಕೆಲಸದಲ್ಲಿ ಸಿಮೆಂಟು ಹೊತ್ತವರ ಪೈಕಿ ಒಬ್ಬರ ಹೆಸರೂ ಅದರಲ್ಲಿ ಇರಲಿಲ್ಲ. ಈ ಸಲ ನಾನು ಹೇಳುವುದು ಗಂಗೀಬಾಯಿಯ ಸುದ್ದಿ. ಅವಳಿಗೆ ಯಾರೂ ಶಾಲು ಹೊದಿಸಿಲ್ಲ. ಅವಳ ಮೇಲೆ ಕೋರ್ಟಿನಲ್ಲಿ ಕೇಸಿದೆ. ಹಾಕುವುದಾದರೆ ಹಾಕಲಿ, ಇಲ್ಲದಿದ್ದರೆ ಅದೇ ಕಾಗದದಲ್ಲಿ ಮಿರ್ಚಿ ಭಜಿ ಕಟ್ಟಲಿ.

"ಅಜ್ಜೀ, ಮಿರ್ಚಿ ಭಜಿ ಅನ್ನೂದೂ ಬರೀಲೇನ?" ಅಂತ ಕೇಳುತ್ತಾಳೆ ಬರೆದುಕೊಳ್ಳುತ್ತಿರುವ ನನ್ನ ಮೊಮ್ಮಗಳು ಜಯಶ್ರೀ.

"ಬರಿ. ಸಿಟ್ಟ ಬಂದೈತಿ ಅನ್ನೂದೂ ಬರಿ."

ನಾನು ಚಂದವ್ವ. ಊರು ನವಲಗುಂದದ ಹತ್ತಿರ. ನನ್ನ ಗಂಡ ಪರಮಣ್ಣ ಈ ಕೊಂಕಣಿ ಸೀಮೆಯ ಬಂದರಿನಲ್ಲಿ ಅದಿರು ತುಂಬುವ ಕೂಲಿಗೆ ಬಂದಾಗ ನಾನೂ ಅವನ ಹಿಂದೆ ಬಂದೆ. ನಲವತ್ತು ವರ್ಷ ದಾಟಿತು. ಈ ಸಡಾ ಗುಡ್ಡದ ಮೇಲೆ ನಮ್ಮ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಸಮುದ್ರ, ಸಮುದ್ರದಲ್ಲಿ ಒಂದು ದ್ವೀಪ. ನೀರಿಗಿಳಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ನಲವತ್ತು ವರ್ಷ ಅದನ್ನು ನೋಡುತ್ತಾ ಬಟ್ಟೆ ಒಣಹಾಕಿದ್ದೇನೆ, ಒಂದು ದಿನವೂ ಅಲ್ಲಿಗೆ ಹೋಗಬೇಕು ಅನ್ನಿಸಿರಲಿಲ್ಲ. ನಮಗೆ ಸಮುದ್ರ ಅಂದರೆ ಹಪ್ಪಳವನ್ನು ಮೆತ್ತಗೆ ಮಾಡುವ ಗಾಳಿ, ಬಾಗಿಲ ಚಿಲಕ ತಿನ್ನುವ ಉಪ್ಪು. ಅದರೊಳಗೆ ತಲೆ ಮುಳುಗಿಸಲು ಜನ ದಿಲ್ಲಿಯಿಂದ ವಿಮಾನ ಹತ್ತಿ ಬರುತ್ತಾರೆ ಅಂತ ಮೊದಲ ಸಲ ಕೇಳಿದಾಗ ಪರಮಣ್ಣ ನಕ್ಕು ನಕ್ಕು ಚಹಾ ಮೂಗಿಗೆ ಏರಿಸಿಕೊಂಡಿದ್ದ. ಅವನು ಹೋಗಿ ಆರು ವರ್ಷವಾಯಿತು. ಇರಲಿ, ಅವನ ಸುದ್ದಿ ತೆಗೆದರೆ ಇವತ್ತು ಮುಗಿಯುವುದಿಲ್ಲ.

ಗಂಗೀಬಾಯಿ ನಮ್ಮ ಗೋಡೆಯ ಆಚೆಯವಳು. ಎರಡೂ ಮನೆಗೆ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ನಾನು ಇಲ್ಲಿ ಸೀನುತ್ತೇನೆ. ವಿಜಯಪುರದ ಕಡೆಯ ತಾಂಡಾದ ಲಂಬಾಣಿ ಹೆಂಗಸು, ನನಗಿಂತ ಹತ್ತು ವರ್ಷ ಸಣ್ಣವಳು. ಕೊರ್ತಾಲಿಮ್‌ನಲ್ಲಿ ಸೇತುವೆಯ ಕೆಲಸ ನಡೆದಾಗ ಗಂಡನ ಜೊತೆ ಬಂದು ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತಳು. ದಾಬೋಲಿಮ್‌ನಲ್ಲಿ ಸಂಘದವರ ಆ ಕಂತ್ರಾಟದಾರ ಹೋಟೆಲು ಕಟ್ಟಿಸುವಾಗಲೂ ಹೊತ್ತಳು. ಗಂಡ ಕಾಮಾಲೆಯಲ್ಲಿ ಹೋದ. ಆಮೇಲೆ ಬೀಚಿನಲ್ಲಿ ಮಣಿಸರ, ಕನ್ನಡಿಯ ಚೀಲ ಮಾರಿದಳು. ಎರಡು ಸಲ ಅವಳನ್ನು ಓಡಿಸಿ ಗಂಟು ಕಿತ್ತುಕೊಂಡರು. ಮೂರನೆಯ ಸಲ ಅವಳೇ ಬಿಟ್ಟಳು. ಇಷ್ಟೆಲ್ಲ ಆದರೂ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮುಖ ಇನ್ನೂ ಹುಡುಗಿಯದು. ಗೊತ್ತಾಗುವುದು ಹಿಮ್ಮಡಿಯಲ್ಲಿ. ಹಸಿ ಸಿಮೆಂಟಿನಲ್ಲಿ ವರ್ಷಗಟ್ಟಲೆ ನಿಂತ ಕಾಲು ಅದು.

"ನೋಡ ಅಕ್ಕಾ, ಇದರಾಗ ನಾಕಾಣೆ ನಿಂದರಸಬಹುದು," ಅಂತ ತನ್ನ ಬಿರುಕು ತೋರಿಸಿ ನಗುತ್ತಿದ್ದಳು.

ನಮ್ಮ ಕಡೆ ಪ್ರತಿಯೊಂದು ಮನೆಯ ಬಚ್ಚಲಲ್ಲಿ ಹಿಮ್ಮಡಿ ತಿಕ್ಕುವ ಕಲ್ಲು ಒಂದಿರುತ್ತದೆ. ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಟ್ಟ ಅತ್ತೆ ಕೂಡ ತನ್ನ ಕಲ್ಲು ಕೊಡುವುದಿಲ್ಲ. ನನ್ನ ಅತ್ತೆಯ ಕಲ್ಲು ಕಪ್ಪಗೆ, ಬೆಲ್ಲದ ಅಚ್ಚಿನಷ್ಟಿತ್ತು. ಊರು ಬಿಡುವಾಗ ಕದ್ದು ತರಬೇಕು ಅಂದುಕೊಂಡಿದ್ದೆ, ಧೈರ್ಯ ಬರಲಿಲ್ಲ. ಸಡಾದಲ್ಲಿ ಅಂಥ ಕಲ್ಲು ಸಿಗುವುದಿಲ್ಲ. ಇಲ್ಲಿಯದು ಕೆಂಪು ಕಲ್ಲು. ತಿಕ್ಕಿದರೆ ಕಾಲಿಗಿಂತ ಮೊದಲು ಅದೇ ಸವೆದು ಬಚ್ಚಲೆಲ್ಲ ಕೆಂಪಾಗುತ್ತದೆ.

ನಾಲ್ಕು ವರ್ಷದ ಹಿಂದೆ ಗಂಗಿಗೆ ದೋಣಿಯ ಕೆಲಸ ಸಿಕ್ಕಿತು. ಪ್ರವಾಸಿಗರನ್ನು ಬೆಳಿಗ್ಗೆ ಆ ದ್ವೀಪಕ್ಕೆ ಕರೆದುಕೊಂಡು ಹೋಗುವ ದೋಣಿ. ಅವರು ಮುಖಕ್ಕೆ ಕನ್ನಡಕ ಹಾಕಿಕೊಂಡು ನೀರಿಗೆ ಬಿದ್ದು ಕೆಳಗಿನ ಹವಳ ನೋಡುತ್ತಾರೆ, ಆಮೇಲೆ ದ್ವೀಪದ ಸಣ್ಣ ಬೀಚಿಗೆ ಬಂದು ಮೀನು, ಅನ್ನ, ಬಿಯರು. ಆ ಬೀಚಿಗೆ ರಸ್ತೆ ಇಲ್ಲ, ಅಲ್ಲಿ ಮನೆ ಇಲ್ಲ, ನಲ್ಲಿ ಇಲ್ಲ. ಗಂಗಿಯ ಕೆಲಸ ಪಾತ್ರೆ ಇಳಿಸುವುದು, ಬಡಿಸುವುದು, ತೊಳೆಯುವುದು, ಅವರು ಬಿಸಾಕಿದ ಬಾಟಲಿ ಪ್ಲೇಟು ಆರಿಸಿ ಗೋಣಿಚೀಲದಲ್ಲಿ ತುಂಬಿ ವಾಪಸು ತರುವುದು. ಇನ್ನೊಂದು ಕೆಲಸವೂ ಇತ್ತು. ದೋಣಿಯ ಮಾಲಕ ಅವಳಿಗೆ ಲಂಬಾಣಿ ವೇಷ ಹಾಕಿಕೊಂಡೇ ಬಾ ಅಂದ. ಕನ್ನಡಿ ಲಂಗ, ಕುಪ್ಪಸ, ಕೂದಲಿಗೆ ಬೆಳ್ಳಿ. ಪ್ರವಾಸಿಗರಿಗೆ ಫೋಟೋ ಬೇಕಲ್ಲ. ಅವಳ ತಾಯಿ ಹೊಲಿದು ಕೊಟ್ಟ ಮದುವೆಯ ಲಂಗ ಉಟ್ಟು ಅವಳು ಮೀನಿನ ತಟ್ಟೆ ತೊಳೆದಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಬೀಚಿನಲ್ಲಿ, ನೀರು ಬಂದು ಮುಟ್ಟಿ ಹೋಗುವ ಗೆರೆಯಲ್ಲಿ, ಬಿಳಿಯ ಕಲ್ಲುಗಳು ಬಿದ್ದಿರುತ್ತಿದ್ದವು. ಹಗುರ, ಮೈಯೆಲ್ಲ ಸಣ್ಣ ಸಣ್ಣ ತೂತು. ಗಂಗಿ ಒಂದನ್ನು ತಂದಳು, ಬಚ್ಚಲಲ್ಲಿ ಕೂತು ತಿಕ್ಕಿದಳು, ಗೋಡೆಯ ಆಚೆಯಿಂದ ಕೂಗಿದಳು.

"ಚಂದಕ್ಕಾ! ಸಿಕ್ಕಿತಲ್ಲೇ ನಮ್ಮ ಕಲ್ಲ! ಸತ್ತ ಚರ್ಮ ಹಿಟ್ಟಿನಾಂಗ ಉದರಾಕತ್ತೈತಿ!"

"ನನಗೂ ಒಂದ ತಾರವ್ವಾ," ಅಂದವಳು ನಾನು.

ನಾನೇ. ಆಮೇಲೆ ನಮ್ಮ ಓಣಿಯ ಜುಲೇಖಾಗೆ ಬೇಕಾಯಿತು, ರಾಮಿಬಾಯಿಗೆ ಬೇಕಾಯಿತು, ರಾಮಿಬಾಯಿಯ ಬಾಣಂತಿ ಮಗಳಿಗೂ ಬೇಕಾಯಿತು. ಯಾರಿಂದಲೂ ಗಂಗಿ ಏನೂ ತೆಗೆದುಕೊಳ್ಳಲಿಲ್ಲ. ಒಬ್ಬರು ರೊಟ್ಟಿ ಕೊಟ್ಟರು, ಒಬ್ಬರು ಶೇಂಗಾ ಚಟ್ನಿ. ಕಲ್ಲು ಆರಿಸುವುದರಲ್ಲಿ ಅವಳಿಗೆ ಅಕ್ಕಸಾಲಿಯ ಕಣ್ಣು. ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡುತ್ತಾಳೆ. ಅಂಚು ಚೂಪಾಗಿದ್ದರೆ ಅಲ್ಲೇ ಬಿಸಾಕುತ್ತಾಳೆ, ಹಿಮ್ಮಡಿ ಕೊಯ್ಯುತ್ತದೆ ಅಂತ. ಸಮುದ್ರ ವರ್ಷಗಟ್ಟಲೆ ಉರುಳಿಸಿ ದುಂಡು ಮಾಡಿದ್ದೇ ಆಗಬೇಕು.

ಅದು ಹವಳ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ದೇವರಾಣೆ. ಹವಳ ಅಂದರೆ ನಮಗೆ ತಾಳಿಯ ಪಕ್ಕದ ಕೆಂಪು ಮಣಿ. ಬಿಳಿ ಹವಳ, ತೂತು ಹವಳ, ಕಾಲು ತಿಕ್ಕುವ ಹವಳ ಅಂತ ಯಾರ ಅಜ್ಜಿ ಹೇಳಿದ್ದಳು?

ಈ ಜನವರಿಯಲ್ಲಿ ಯಾರೋ ಪ್ರವಾಸಿ ನೀರೊಳಗೆ ಮುರಿದು ಬಿದ್ದ ಹವಳದ ವಿಡಿಯೋ ತೆಗೆದು ಮೊಬೈಲಿನಲ್ಲಿ ಬಿಟ್ಟ. ಊರೆಲ್ಲ ನೋಡಿತು. ಅರಣ್ಯ ಇಲಾಖೆಯವರು ದೋಣಿ ತಪಾಸಣೆಗೆ ಬಂದರು. ಗಂಗಿಯ ಕೈಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ನಾಲ್ಕು ಕಲ್ಲು ಸಿಕ್ಕವು. ಮಾಲಕನಿಗೆ ಅಷ್ಟೇ ಸಾಕಾಯಿತು.

"ಈ ಲಮಾಣಿ ಹೆಂಗಸರು ಹೀಗೇ ಸಾಹೇಬರೇ, ಇವಳೇ ಮುರಿದು ಮಾರುತ್ತಾಳೆ, ನಮಗೆ ಗೊತ್ತೇ ಇರಲಿಲ್ಲ," ಅಂದನಂತೆ. ಫೋಟೋಕ್ಕೆ ಲಂಬಾಣಿ ಬೇಕು, ಕಳ್ಳತನಕ್ಕೂ ಲಂಬಾಣಿಯೇ ಬೇಕು. ಅವನ ಬಾಯಿಗೆ ಹುಳ ಬೀಳಲಿ. ಇದನ್ನು ತೆಗೆಯಬೇಡ ಜಯಶ್ರೀ, ಸಂಘದವರು ತೆಗೆದರೆ ತೆಗೆಯಲಿ.

ಮಾರನೆಯ ದಿನ ಇಲಾಖೆಯ ಇಬ್ಬರು ನಮ್ಮ ಓಣಿಗೆ ಬಂದರು. ಇವಳು ಯಾರ್ಯಾರಿಗೆ ಮಾರಿದಳು ಅಂತ ಮನೆಮನೆಗೆ ಕೇಳಿದರು. ಈಗ ಹೇಳುವ ಮಾತಿಗೆ ನನಗೆ ನನ್ನ ಮೇಲೆಯೇ ಸಿಟ್ಟು. ಅವರು ಜುಲೇಖಾಳ ಬಾಗಿಲಲ್ಲಿ ಇರುವಾಗಲೇ ನಾನು ಬಚ್ಚಲಿಗೆ ಹೋಗಿ ನನ್ನ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲ ಗಟಾರಕ್ಕೆ ಹಾಕಿದೆ. ನಮ್ಮ ಬಾಗಿಲಿಗೆ ಬಂದಾಗ, ನನಗೇನೂ ಗೊತ್ತಿಲ್ಲ ಅಂದೆ. ಓಣಿಯ ಎಲ್ಲ ಹೆಂಗಸರೂ ಹಾಗೇ ಅಂದರು. ಗಂಗಿ ತನ್ನ ಹೊಸ್ತಿಲ ಮೇಲೆ ಕೂತು ಪ್ರತಿ ಮನೆಯ ಉತ್ತರವನ್ನೂ ಕೇಳಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಗೋಡೆಯ ಆಚೆಯಿಂದ ಒಗ್ಗರಣೆಯ ವಾಸನೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳೇ ಬಂದಳು, ಕೈಯಲ್ಲಿ ಒಂದು ಕಾಗದ. ಮಾಲಕನ ಮ್ಯಾನೇಜರ ಕೊಟ್ಟು ಹೋಗಿದ್ದ. ನಾಳೆ ದ್ವೀಪದಲ್ಲಿ ಇಲಾಖೆಯ ಮ್ಯಾಡಮ್ ಪಂಚನಾಮೆ ಮಾಡುತ್ತಾರೆ, ಅಲ್ಲಿ ಇದಕ್ಕೆ ಹೆಬ್ಬೆಟ್ಟು ಒತ್ತು, ಬೈದು ಬಿಟ್ಟುಬಿಡುತ್ತಾರೆ, ನಿನ್ನ ಕೆಲಸ ಉಳಿಯುತ್ತದೆ ಅಂದಿದ್ದನಂತೆ. ಕಾಗದ ಇಂಗ್ಲಿಷಿನಲ್ಲಿತ್ತು. ಜಯಶ್ರೀ ಓದಿ ಹೇಳಿದಳು. ಓದುವಾಗ ಹುಡುಗಿಯ ದನಿ ಸಣ್ಣದಾಯಿತು. ಗಂಗೀಬಾಯಿ ಎಂಬ ನಾನು ಮಾರುವ ಆಸೆಯಿಂದ ಕಬ್ಬಿಣದ ಸಲಾಕೆಯಿಂದ ಜೀವಂತ ಹವಳವನ್ನು ಮುರಿದಿದ್ದೇನೆ, ದೋಣಿಯವರಿಗೆ ಇದು ತಿಳಿದಿಲ್ಲ.

"ಇದಕ್ಕ ಹೆಬ್ಬಟ್ಟ ಒತ್ತಿದ್ರ ನೀನು ಸೀದಾ ಜೇಲಿಗೇ," ಅಂದೆ ನಾನು.

"ಒತ್ತದಿದ್ರ ಕೆಲಸ ಹೋಗತೈತಿ. ನಾಕ ವರ್ಷದಾಗ ಒಂದ ಬುಟ್ಟಿ ತಲಿ ಮ್ಯಾಲ ಹೊತ್ತಿಲ್ಲಕ್ಕಾ ನಾನು. ಮತ್ತ ಸಿಮೆಂಟಿಗೆ ಹೋಗೂ ಕುತಗಿ ಉಳದಿಲ್ಲ." ಕಾಗದವನ್ನು ಮಡಚಿದಳು. "ನಾಳಿ ನೀನೂ ಬಾ."

"ನಾನ್ಯಾಕವ್ವಾ? ನನಗ ದೋಣಿ ಅಂದ್ರ ಹೊಟ್ಟಿ ತೊಳಸತೈತಿ. ನಾನು ಬಂದು ಏನ ಮಾಡಲಿ?"

"ನೀ ಬರಬ್ಯಾಡ ಬಿಡು. ನನ್ನ ಕಲ್ಲಿಲೆ ತಿಕ್ಕೊಂಡ ಹಿಮ್ಮಡಿ ಅದಾವಲ್ಲ, ಅವನ್ನಷ್ಟ ಕಳಸು."

ಅಷ್ಟು ಹೇಳಿ ಎದ್ದು ಹೋದಳು. ನಾನು ಕಾಲು ನೋಡಿಕೊಂಡು ಕೂತೆ. ಹಿಮ್ಮಡಿ ಎಳೆಗೂಸಿನದರ ಹಾಗೆ ನುಣ್ಣಗಿತ್ತು.

ಮಾರನೆಯ ಬೆಳಿಗ್ಗೆ ಹೋದೆ. ಗಂಗಿ ಅವತ್ತು ಕನ್ನಡಿ ಲಂಗ ಉಟ್ಟಿರಲಿಲ್ಲ, ಹಳೆಯ ನೈಲಾನ್ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ದೋಣಿಯಲ್ಲಿ ಇಲಾಖೆಯ ಮ್ಯಾಡಮ್, ಅವರ ಹಿಂದೆ ಇಬ್ಬರು, ಮಾಲಕನ ಮ್ಯಾನೇಜರ, ಮತ್ತು ದೋಣಿ ನಡೆಸುವ ಜಿಲಾನಿ. ಮಾಲಕ ಬಂದಿರಲಿಲ್ಲ. ಅಂಥವರು ಬರುವುದಿಲ್ಲ. ಜಿಲಾನಿ ನಮ್ಮ ನವಲಗುಂದದ ಕಡೆಯವನೇ, ನಲವತ್ತರ ಗಂಡಸು, ನಾಲ್ಕು ಮಕ್ಕಳ ತಂದೆ. ನನಗೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿ ಸೀರೆಯ ಮೇಲೆ ಬಿಗಿದ.

"ಅವ್ವಾರ, ಗಟ್ಟಿ ಹಿಡ್ಕೊಂಡ ಕುಂದರ್ರಿ. ನೀವು ನೀರಾಗ ಬಿದ್ರ ನಮ್ಮೂರಿಗೆ ನಾ ಮಾರಿ ತೋರಸಾಂಗಿಲ್ಲ."

"ನೀನು ನೆಟ್ಟಗ ನಡಸಪಾ. ಬೀಳೂದು ಬಿಡೂದು ಆಮ್ಯಾಲ."

ಬಂದರಿನ ಕ್ರೇನುಗಳು ಸಣ್ಣದಾದವು. ನಮ್ಮ ಗುಡ್ಡ ಕಂಡಿತು, ಗುಡ್ಡದ ಮೇಲೆ ನಮ್ಮ ಮನೆಗಳು, ಬಣ್ಣದ ಚಿಂದಿ ಅಂಟಿಸಿದ ಹಾಗೆ. ಅಷ್ಟು ಸಣ್ಣ ಜಾಗದಲ್ಲಿ ನಲವತ್ತು ವರ್ಷ ಕಳೆದೆನಲ್ಲ ಅನ್ನಿಸಿತು. ಅನ್ನಿಸುತ್ತಿದ್ದಂತೆಯೇ ಬೆಳಗಿನ ಉಪ್ಪಿಟ್ಟು ಹೊರಗೆ ಬಂತು. ಗಂಗಿ ನನ್ನ ಬೆನ್ನು ನೀವಿದಳು. ನಾಲ್ಕು ದಿನದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ.

ದ್ವೀಪದ ಹಿಂಬದಿಗೆ ಬಂದಾಗ ಜಿಲಾನಿ ಇಂಜಿನು ನಿಲ್ಲಿಸಿ ಲಂಗರು ಇಳಿಬಿಟ್ಟ. ಮೂರು ಕೊಕ್ಕೆಯ ಕಬ್ಬಿಣ, ಸರಪಳಿ ಗಡಗಡ ಅಂತ ಹೋಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ನೀರಿನ ಮೇಲೆ ಒಂದು ಹಳದಿ ಡಬ್ಬಿ ತೇಲುತ್ತಿತ್ತು. ದೋಣಿಗಳನ್ನು ಅದಕ್ಕೇ ಕಟ್ಟಬೇಕಂತೆ, ಲಂಗರು ಹಾಕಬಾರದಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಇಲಾಖೆಯವರನ್ನು ಕೂರಿಸಿಕೊಂಡೇ ಜಿಲಾನಿ ಅಲ್ಲಿ ಯಾಕೆ ಲಂಗರು ಬಿಟ್ಟ? ಕೈಗೆ ರೂಢಿಯಾಗಿ ಬಿಟ್ಟನೋ, ಬೇಕೆಂದೇ ಬಿಟ್ಟನೋ, ಇವತ್ತಿನವರೆಗೂ ಅವನು ಹೇಳಿಲ್ಲ. ಕೇಳಿದರೆ ಮೀಸೆ ತಿರುವುತ್ತಾನೆ.

ನೀರಿಗಿಳಿಯಲು ಹೆದರುವ ಪ್ರವಾಸಿಗರಿಗೆ ಅಂತ ದೋಣಿಯಲ್ಲಿ ಒಂದು ಬಕೇಟು ಇತ್ತು, ತಳಕ್ಕೆ ಗಾಜು ಕೂರಿಸಿದ್ದು. ನೀರಿನ ಮೇಲೆ ಇಟ್ಟು ಬಗ್ಗಿ ನೋಡಿದರೆ ಕೆಳಗಿನದು ಕಾಣುತ್ತದೆ. ಮ್ಯಾಡಮ್ ನೋಡಿದರು. ಆಮೇಲೆ ಗಂಗಿಗೆ, ಎಲ್ಲಿ ಮುರಿದೆ ತೋರಿಸು ಅಂದರು. ಮ್ಯಾಡಮ್ ಮಾತಾಡಿದ್ದೆಲ್ಲ ಹಿಂದಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಗಂಗಿ ಬಗ್ಗಿದಳು, ತುಂಬಾ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಬಕೇಟನ್ನು ನನ್ನ ಕಡೆ ಸರಿಸಿದಳು.

"ನೀನೂ ನೋಡಕ್ಕಾ. ನಾಕ ವರ್ಷ ಇದರ ಮ್ಯಾಲ ಕುಂತ ತಾಟ ಒರಸೀನಿ, ಒಂದ ದಿನಾ ಯಾರೂ ನನಗ ಇದನ್ನ ತೋರಸಿದ್ದಿಲ್ಲ."

ನಾನು ಹೊಟ್ಟೆಯ ಮೇಲೆ ಮಲಗಿ ತಲೆ ತೂರಿಸಿದೆ. ಕೆಂಪು ಮಣಿಗಳ ರಾಶಿ ಕಾಣುತ್ತದೆ ಅಂದುಕೊಂಡಿದ್ದೆ. ಅದಲ್ಲ. ಕಂದು ಬಣ್ಣ, ಪಾಚಿಯ ಹಸಿರು. ಒಂದು ಹೂಕೋಸಿನ ಹಾಗೆ, ಒಂದು ಜೇನುಹುಟ್ಟಿನ ಹಾಗೆ, ಒಂದು ಮಗುಚಿಟ್ಟ ಬಾಣಲೆಯ ಹಾಗೆ. ನಡುವೆ ಹಳದಿ ಕಪ್ಪು ಪಟ್ಟೆಯ ಮೀನುಗಳು, ಶಾಲೆ ಬಿಟ್ಟ ಮಕ್ಕಳ ಹಾಗೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ. ನನ್ನ ಮನೆಯ ಹಿತ್ತಿಲಲ್ಲೇ ಇಷ್ಟೆಲ್ಲ ಇತ್ತಲ್ಲ. ಪರಮಣ್ಣನಿಗೆ ಇದನ್ನು ಹೇಳಬೇಕಿತ್ತು. ಚಹಾ ಕೆಳಗಿಟ್ಟು ಕೇಳುತ್ತಿದ್ದ. ಸ್ವಲ್ಪ ಹೊತ್ತು ನನಗೆ ಸಿಟ್ಟೇ ಮರೆತಿತ್ತು.

ದೋಣಿ ಅಲೆಗೆ ತುಸು ಸರಿಯಿತು. ಆಗ ಅದು ಕಾಣಿಸಿತು. ಆ ಹೂಕೋಸು, ಜೇನುಹುಟ್ಟುಗಳ ನಡುವೆ ಒಂದು ಬಿಳಿಯ ಗೆರೆ, ನೆಟ್ಟಗೆ, ಮೊಳದಗಲ. ಎರಡೂ ಬದಿಗೆ ಮುರಿದ ತುಂಡುಗಳು ಮಗುಚಿ ಬಿದ್ದಿದ್ದವು. ಅದರ ಪಕ್ಕ ಇನ್ನೊಂದು ಹಳೆಯ ಗೆರೆ, ಅದರಾಚೆ ಮತ್ತೊಂದು. ಅಲ್ಲಿ ಒಂದು ಮೀನೂ ಇರಲಿಲ್ಲ.

"ಕಂಡಿತೇನಕ್ಕಾ?" ಅಂದಳು ಗಂಗಿ ನನ್ನ ಬೆನ್ನ ಹಿಂದೆ.

"ರಂಟಿ ಹೊಡದಾಂಗ ಐತೆಲ್ಲಾ!" ಅಂದೆ. ರಂಟೆ ಅಂದರೆ ನೇಗಿಲು. ಸಂಘದ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

"ಅದ ಅಂತೀನಿ ನಾನೂ."

ಮ್ಯಾನೇಜರ ಮುಂದೆ ಬಂದ. ನೋಡಿ ಮ್ಯಾಡಮ್, ಸಲಾಕೆಯಿಂದ ಹೇಗೆ ಕೆತ್ತಿದ್ದಾಳೆ ನೋಡಿ ಅಂದ. ಗಂಗಿ ಎದ್ದು ನಿಂತಳು. ಅಲ್ಲಾಡುವ ದೋಣಿಯಲ್ಲಿ, ಕೈಗೆ ಆಧಾರ ಇಲ್ಲದೆ. ನನ್ನ ಕೈಲಿ ಆಗುತ್ತಿರಲಿಲ್ಲ.

"ಮ್ಯಾಡಮ್ಮಾ, ನಾನು ಹೊಲದಾಗ ದುಡದಾಕಿ. ಶೇಂಗಾ ಕೈಲೆ ಕಿತ್ತ ಹೊಲಾ ನೋಡೀರೇನು? ಇಲ್ಲೊಂದು ಕುಣಿ, ಅಲ್ಲೊಂದು ಕುಣಿ ಇರತೈತಿ. ಕೈ ಯಾವತ್ತೂ ನೆಟ್ಟಗ ಹೋಗೂದಿಲ್ಲ. ಇದು ಒಂದ ಗೆರಿ. ಎಳದದ್ದು ಇದು. ಭಾರದ್ದೇನೋ ಕಚ್ಚಿ ಎಳದೈತಿ. ಇನ್ನ ನನಗ ಈಜ ಬರೂದಿಲ್ಲ. ಇಲ್ಲಿ ಎರಡಾಳ ನೀರೈತಿ. ಸಲಾಕಿ ಹಿಡಕೊಂಡ ನಾ ಹೆಂಗ ಇಳದೆ, ಹೆಂಗ ಏರಿ ಬಂದೆ, ಇಂವನ್ನ ಕೇಳ್ರಿ."

ಇದನ್ನೆಲ್ಲ ಅವಳು ತನ್ನ ಸಂತೆಯ ಹಿಂದಿಯಲ್ಲಿ ಹೇಳಿದಳು. ಶೇಂಗಾಕ್ಕೆ ಹಿಂದಿಯಲ್ಲಿ ಏನು ಅನ್ನುತ್ತಾರೆ ಅಂತ ನಡುವೆ ಜಿಲಾನಿಯನ್ನು ಕೇಳಿದಳು. ಅವನು ಹೇಳಿಕೊಟ್ಟ. ಆಗ ಮ್ಯಾಡಮ್ ಅವನ ಕಡೆ ತಿರುಗಿದರು. ನೀನು ದಿನಾ ಲಂಗರು ಎಲ್ಲಿ ಹಾಕುತ್ತೀಯ ಅಂತ ಕೇಳಿದರು.

"ಯಾವಾಗಲೂ ಹಳದಿ ಡಬ್ಬಿಗೇ ಕಟ್ಟುತ್ತೇವೆ ಮ್ಯಾಡಮ್," ಅಂತ ಮ್ಯಾನೇಜರನೇ ಉತ್ತರ ಕೊಟ್ಟ.

ಜಿಲಾನಿ ಅವನ ಮುಖ ನೋಡಿದ, ಗಂಗಿಯ ಮುಖ ನೋಡಿದ. ಆಮೇಲೆ ದೋಣಿಯ ಮೂತಿಗೆ ಹೋಗಿ ಸರಪಳಿ ಎಳೆಯತೊಡಗಿದ. ಯಾರೂ ಎಳೆ ಅಂದಿರಲಿಲ್ಲ. ಲಂಗರು ಮೇಲೆ ಬಂತು. ಅದರ ಒಂದು ಕೊಕ್ಕೆಯಲ್ಲಿ ಕಂದು ಬಣ್ಣದ ಒಂದು ತುಂಡು ಸಿಕ್ಕಿಕೊಂಡಿತ್ತು, ಮುರಿದ ಕಡೆ ಹಲ್ಲಿನ ಹಾಗೆ ಬೆಳ್ಳಗೆ, ಲೋಳೆ ಲೋಳೆಯಾಗಿ ನೀರು ಸುರಿಸುತ್ತಾ. ಹಸಿ ಮೀನಿನ ವಾಸನೆ. ಅದನ್ನು ತಂದು ಮ್ಯಾಡಮ್‌ ಅವರ ಬೂಟಿನ ಮುಂದೆ ಇಟ್ಟ. ಮ್ಯಾನೇಜರ ಕೊಂಕಣಿಯಲ್ಲಿ ಏನೋ ಬೈದ, ಅದನ್ನು ಇಲ್ಲಿ ಬರೆಸುವುದಿಲ್ಲ. ಹಳದಿ ಡಬ್ಬಿಗೆ ಕಟ್ಟಿದರೆ ಪ್ರವಾಸಿಗರು ದೂರ ಈಜಬೇಕು, ಬೇಸರ ಮಾಡಿಕೊಳ್ಳುತ್ತಾರೆ, ಅದಕ್ಕೇ ಹವಳದ ನೆತ್ತಿಯ ಮೇಲೆ ಹಾಕು ಅಂತ ಮಾಲಕನ ಹುಕುಂ. ಇದನ್ನು ಜಿಲಾನಿ ಒಂದು ತಿಂಗಳ ಮೇಲೆ ನಮ್ಮ ಮನೆಯಲ್ಲಿ ಕೂತು ಹೇಳಿದ.

ಆಮೇಲೆ ಬೀಚಿಗೆ ಹೋದೆವು, ಮೊಣಕಾಲು ನೀರಿನಲ್ಲಿ ಇಳಿದು. ತೆಂಗಿನ ನೆರಳು, ಹಿಟ್ಟಿನಂಥ ಮರಳು, ಕಲ್ಲಿನ ಮೇಲೆ ಒಂದು ಬಿಳಿ ಕೊಕ್ಕರೆ. ನಾಲ್ಕು ದಿನ ಗಂಗಿ ಬಂದಿರಲಿಲ್ಲ, ನಾಲ್ಕು ದಿನದ ಬಾಟಲಿ ಅಲ್ಲೇ ಬಿದ್ದಿದ್ದವು. ಒಬ್ಬರ ಮಗುವಿನ ಹೊಲಸು ಚಡ್ಡಿ ಕೂಡ. ಇಷ್ಟು ದೂರ, ಇಷ್ಟು ಚೆಂದದ ಜಾಗಕ್ಕೆ ಬಂದು ಇದನ್ನು ಬಿಟ್ಟು ಹೋಗುವವರ ಮೇಲೆ ಯಾವ ಕೇಸೂ ಇಲ್ಲ. ಗಂಗಿ ಅಭ್ಯಾಸಬಲದಿಂದ ಬಗ್ಗಿ ಆರಿಸತೊಡಗಿದಳು. "ಬಿಡು! ಇವತ್ತ ಮುಟ್ಟಿದ್ರ ನಿನ್ನ ಕೈ ಮುರೀತೀನಿ!" ಅಂತ ನಾನು ಕಿರುಚಿದೆ. ಕೊಕ್ಕರೆ ಹಾರಿಹೋಯಿತು.

ಮ್ಯಾಡಮ್ ಅವಳ ನಾಲ್ಕು ಕಲ್ಲುಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದರು. ಗಂಗಿ ಕೈ ಮುಗಿದು, ಒಂದನ್ನು ನಿಮ್ಮ ಕೈ ಮೇಲೆ ತಿಕ್ಕಿ ನೋಡಿ ಅಂದಳು. ಮ್ಯಾಡಮ್ ತಿಕ್ಕಿದರು, ಏನೂ ಆಗಲಿಲ್ಲ. ಲಂಗರಿಗೆ ಸಿಕ್ಕಿದ್ದ ತುಂಡನ್ನು ತಿಕ್ಕಿದರು. ಮಣಿಕಟ್ಟಿನ ಮೇಲೆ ಕೆಂಪು ಗೀರು ಎದ್ದಿತು.

"ಹೊಸದಾಗಿ ಮುರದದ್ದು ಕೊಯ್ತೈತಿ ಮ್ಯಾಡಮ್ಮಾ. ಹಿಮ್ಮಡಿಗೆ ಅದು ಬರೂದಿಲ್ಲ. ನನ್ನವು ಸಮುದ್ರ ಸಾಣಿ ಹಿಡದದ್ದು. ಸತ್ತು ಎಷ್ಟ ಕಾಲ ಆಗೇತೋ ಏನೋ."

ಆ ಹೆಂಗಸು ಕೆಟ್ಟವಳಲ್ಲ. ಮಣಿಕಟ್ಟು ಒರೆಸಿಕೊಂಡರು. ನೀನು ಮುರಿದಿಲ್ಲ, ನನಗೆ ಗೊತ್ತಾಯಿತು, ಆದರೆ ಸತ್ತದ್ದನ್ನು ಎತ್ತುವುದೂ ಅಪರಾಧ, ಹುಲಿಗೆ ಇರುವ ಕಾಯ್ದೆಯೇ ಇದಕ್ಕೂ ಇದೆ ಅಂದರು.

"ಹುಲಿ ಆದ್ರ ನೋಡಿದ ಕೂಡಲೇ ಹುಲಿ ಅಂತ ಗೊತ್ತಾಕ್ಕೈತ್ರಿ. ಕಲ್ಲಿಗೆ ಕಾಯ್ದೆ ಐತಿ ಅಂತ ನಮಗ್ಯಾರು ಹೇಳ್ಯಾರ? ದೋಣಿಯಾಗ ದಿನಾ ನಲವತ್ತ ಮಂದಿಗೆ ಇಂಗ್ಲಿಷಿನಾಗ ಹೇಳತಾರ. ತಾಟ ತೊಳಿಯಾಕಿಗೆ ಹೇಳೂದಿಲ್ಲ."

ಮ್ಯಾಡಮ್ ಕಲ್ಲುಗಳನ್ನು ಮತ್ತೆ ಚೀಲಕ್ಕೆ ಹಾಕಿದರು.

ಮ್ಯಾನೇಜರ ಆ ಇಂಗ್ಲಿಷ್ ಕಾಗದ ಬಿಚ್ಚಿ ಗಂಗಿಯ ಮುಂದೆ ಹಿಡಿದ. ಮೆಲ್ಲಗೆ ಹೇಳಿದ, ಇನ್ನೂ ಕೆಲಸ ಬೇಕಿದ್ದರೆ ಒತ್ತು. ಗಂಗಿ ಅದನ್ನು ತೆಗೆದುಕೊಂಡಳು. ಒತ್ತಿಯೇ ಬಿಡುತ್ತಾಳೆ ಅಂದುಕೊಂಡೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಆರಿಸದೆ ಬಿಟ್ಟಿದ್ದ ಬಾಟಲಿಯೊಂದರ ಬಾಯಿಗೆ ತುರುಕಿ, ಬಾಟಲಿಯನ್ನು ಅವನ ಕೈಗೆ ಕೊಟ್ಟಳು.

"ಕಸಾ ಇಲ್ಲೆ ಬಿಡಬ್ಯಾಡ್ರಿ. ವಾಪಸ ಒಯ್ಯಬೇಕಂತ ನಿಮ್ಮ ಮಾಲಕರೇ ಹೇಳ್ಯಾರ."

ಜಿಲಾನಿ ಸಮುದ್ರದ ಕಡೆ ಮುಖ ತಿರುಗಿಸಿ ಕೆಮ್ಮಿದ.

ಮ್ಯಾಡಮ್ ತಾವೇ ಬೇರೆ ಕಾಗದ ಬರೆದರು. ಗಂಗಿ ಓದಿಸಿ ಕೇಳಿದಳು, ಎರಡು ಸಲ. ಎತ್ತಿದ್ದು ನಾನು, ಮುರಿದದ್ದು ನಾನಲ್ಲ. ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಮ್ಯಾಡಮ್ ಫೈಲು ಮುಚ್ಚುವ ಮೊದಲು ನಾನು ಎದ್ದು ನಿಂತೆ. ಕಿತ್ತಳೆ ಅಂಗಿ ಇನ್ನೂ ಮೈಮೇಲೆಯೇ ಇತ್ತು, ಬಿಚ್ಚಲು ಬಂದಿರಲಿಲ್ಲ.

"ನನ್ನ ಹೆಸರೂ ಹಾಕ್ರಿ. ಚಂದವ್ವ ಪರಮಣ್ಣ. ತಾರವ್ವಾ ಅಂದಾಕಿ ನಾನು. ಮನಿಗೆ ಬಂದು ಕೇಳಿದಾಗ ಗೊತ್ತಿಲ್ಲ ಅಂತ ಸುಳ್ಳ ಹೇಳಿದಾಕೀನೂ ನಾನ. ನನಗ ಸಹಿ ಮಾಡಾಕ ಬರತೈತಿ."

"ಅಕ್ಕಾ, ಸುಮ್ಮ ಕುಂದರ. ಈ ವಯಸ್ಸಿನಾಗ ಕೋರ್ಟಿಗೆ ಅಡ್ಡ್ಯಾಡತೀ ಏನ?"

"ನೀನ ಅಲ್ಲೇನ ಹಿಮ್ಮಡಿ ಕಳಸು ಅಂದಾಕಿ? ಅವಷ್ಟ ಎಲ್ಲಿ ಹೋಗತಾವು? ನಾ ಬರಬೇಕಲ್ಲ ಸಂಗಾಟ!"

ಅವಳು ನಕ್ಕಳು. ನಗುತ್ತಾ ಅತ್ತಳು. ನಾನು ಸಹಿ ಹಾಕಿದೆ. 'ಚಂ' ಸೊಟ್ಟಗಾಯಿತು.

ಅದರಿಂದ ಏನಾಯಿತು ಅಂತ ಕೇಳುತ್ತೀರಿ. ದೋಣಿ ಹದಿನೈದು ದಿನ ದಡದಲ್ಲಿ ನಿಂತಿತ್ತು. ಆಮೇಲೆ ನೀಲಿ ಬಣ್ಣ ಬಳಿದುಕೊಂಡು, ಬೇರೆ ಹೆಸರು ಇಟ್ಟುಕೊಂಡು ಮತ್ತೆ ಹೊರಟಿತು. ಬಟ್ಟೆ ಒಣಹಾಕುವಾಗ ದಿನಾ ನೋಡುತ್ತೇನೆ. ಜಿಲಾನಿ ಈಗ ಮರಳಿನ ಟೆಂಪೋ ಓಡಿಸುತ್ತಾನೆ. ಗಂಗಿಗೆ ಕೆಲಸ ಹೋಯಿತು, ಒಂದು ಕ್ಯಾಂಟೀನಿನಲ್ಲಿ ನಿಂತು ಪಾತ್ರೆ ತಿಕ್ಕುತ್ತಾಳೆ. ಮಾಲಕನ ಮೇಲಿನ ಕಾಗದ ಯಾವುದೋ ಮೇಜಿನ ಮೇಲೆ ಇದೆಯಂತೆ, ಮೇಲಿನವರ ಸಹಿ ಆಗಬೇಕಂತೆ. ನಮ್ಮಿಬ್ಬರ ಕೇಸು ಮಾತ್ರ ಸರಸರ ಕೋರ್ಟಿಗೆ ಬಂತು. ಬಡವರ ಹೆಬ್ಬೆಟ್ಟು ತಕ್ಷಣ ಸಿಗುತ್ತದೆ. ಲಂಗರಿಗೆ ಹೆಬ್ಬೆಟ್ಟು ಎಲ್ಲಿದೆ ಒತ್ತಿಸಿಕೊಳ್ಳಲು?

ಇಲ್ಲಿಯವರೆಗೆ ಮೂರು ತಾರೀಖು ಆಯಿತು. ಪ್ರತಿ ಸಲ ಮುಂದಕ್ಕೆ ಹಾಕುತ್ತಾರೆ. ನಾವು ಡಬ್ಬಿ ಕಟ್ಟಿಕೊಂಡು ಹೋಗಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದು ಬರುತ್ತೇವೆ. ಓಣಿಯ ಜುಲೇಖಾ ಚಟ್ನಿ ಕೊಟ್ಟು ಕಳಿಸುತ್ತಾಳೆ, ಮುಖ ನೋಡುವುದಿಲ್ಲ. ನಮ್ಮ ಹಿಮ್ಮಡಿ ಮತ್ತೆ ಒಡೆದಿದೆ. ಮೊನ್ನೆ ಗಂಗಿ ಕಾಲು ಚಾಚಿ, ಅಕ್ಕಾ, ಎಂಟಾಣೆ ನಿಂದರಸಬಹುದು ಈಗ ಅಂದಳು.

ಸಂಘದವರು ಇನ್ನೊಂದು ಮಾತು ಹೇಳಿ ಹೋಗಿದ್ದಾರೆ. ಸಂಚಿಕೆ ಬಿಡುಗಡೆಯ ದಿನ ನನ್ನನ್ನು ವೇದಿಕೆಗೆ ಕರೆದು ಹಿರಿಯ ಮಹಿಳೆ ಅಂತ ಶಾಲು ಹೊದಿಸುತ್ತಾರಂತೆ. ತಾರೀಖು ಕೇಳಿ ಕ್ಯಾಲೆಂಡರು ನೋಡಿದೆ. ಅವತ್ತು ನಾನು ಬರಲಾಗುವುದಿಲ್ಲ. ಅವತ್ತು ಗಂಗಿಗೂ ನನಗೂ ಕೋರ್ಟಿದೆ. ಶಾಲು ಕೊಡಲೇಬೇಕು ಅಂತ ಇದ್ದರೆ ಎರಡು ತಂದು ಆ ಮೆಟ್ಟಿಲಿಗೇ ಬರಲಿ. ಬರುವಾಗ ಆ ಕಂತ್ರಾಟದಾರನನ್ನೂ ಕರೆದುಕೊಂಡು ಬರಲಿ, ಗಂಗಿಯ ಕಾಲು ತೋರಿಸುತ್ತೇನೆ. ಅದರಲ್ಲಿ ಅವನ ಸಿಮೆಂಟೂ ಇದೆ.